ನಿಜವೆಂದು ಒಪ್ಪಿಕೊಂಡರೆ

ಮುಂದಿನ ಎರಡು ಗಂಟೆಯ ಮಟ್ಟಿಗೆ ನಿಮ್ಮನ್ನು ‘ನೀನು’ ಅನ್ನುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮಗೀಗ ಹದಿನೇಳು ವರ್ಷ. ಮಾಗಡಿ ಕಡೆಯ ಒಂದು ಹಳ್ಳಿಯ ಹುಡುಗಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ಸೆಕೆಂಡ್ ಪಿಯುಸಿ. ಈ ವಯಸ್ಸಿನವರನ್ನು ಬಹುವಚನದಲ್ಲಿ ಮಾತನಾಡಿಸುವ ಪರೀಕ್ಷಾ ಕೊಠಡಿಯನ್ನು ನಾನಂತೂ ಕಂಡಿಲ್ಲ.

ಡಿಸೆಂಬರಿನ ಮೊದಲ ಭಾನುವಾರ, ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಕ್ಲಾಟ್‌ನ ದಿನ. ಮಧ್ಯಾಹ್ನ ಎರಡಾಗಲು ಐದು ನಿಮಿಷವಿದೆ. ಬೆಂಗಳೂರಿನ ಒಂದು ಶಾಲೆ, ಎರಡನೇ ಮಹಡಿ, ಕಿಟಕಿ ಪಕ್ಕದ ಸಾಲು, ನಾಲ್ಕನೇ ಡೆಸ್ಕು. ಡೆಸ್ಕಿನ ಮೇಲೆ ಯಾರೋ ಕೈವಾರದ ಮೊನೆಯಿಂದ ‘ಅಪ್ಪು’ ಎಂದು ಕೊರೆದಿದ್ದಾರೆ. ನಿನ್ನ ಮಣಿಕಟ್ಟು ಸರಿಯಾಗಿ ಆ ಪಕಾರದ ಒತ್ತಿನ ಮೇಲೆ ಕೂತಿದೆ, ಅಲುಗಿದಾಗೆಲ್ಲ ಮರದ ಸೀಳು ಚುಚ್ಚುತ್ತದೆ. ಸೀಮೆಸುಣ್ಣದ ಪುಡಿಯ ವಾಸನೆ. ಮುಂದೆ ಕೂತವಳ ಜಡೆಯಿಂದ ಕೊಬ್ಬರಿ ಎಣ್ಣೆಯ ವಾಸನೆ. ಕಿಟಕಿಯಾಚೆ ಯಾರದೋ ಮನೆಯಲ್ಲಿ ಅವರೆಕಾಳಿನ ಸಾರು ಕುದಿಯುತ್ತಿದೆ. ಬೆಳಗ್ಗೆ ಬಸ್ ಸ್ಟ್ಯಾಂಡಿನಲ್ಲಿ ತಿಂದ ಎರಡು ಇಡ್ಲಿ ಯಾವಾಗಲೋ ಕರಗಿರುವ ಹೊಟ್ಟೆ ಆ ಸೊಗಡಿಗೆ ಒಮ್ಮೆ ಗುರ್ ಎನ್ನುತ್ತದೆ. ಪಕ್ಕದ ಸಾಲಿನವನಿಗೆ ಕೇಳಿಸಿತೇನೋ ಎಂದು ನೀನು ಕಾಲು ಸರಿಸಿ ಸದ್ದು ಮಾಡುತ್ತೀಯ.

ಡೆಸ್ಕಿನ ಮೇಲೆ ಹಾಲ್ ಟಿಕೆಟ್ಟು, ಲೇಬಲ್ ಕಿತ್ತ ನೀರಿನ ಬಾಟಲಿ, ಎರಡು ಬಾಲ್ ಪೆನ್ನು. ಪೆನ್ಸಿಲ್ ಇಲ್ಲ. ಓಎಂಆರ್ ಹಾಳೆಯಲ್ಲಿ ಒಂದು ಸಲ ಕಪ್ಪಾದ ಗೋಲ ಮತ್ತೆ ಬೆಳ್ಳಗಾಗುವುದಿಲ್ಲ. ಕೈಯಲ್ಲಿ ಅಪ್ಪನ ಎಚ್‌ಎಂಟಿ ಗಡಿಯಾರ. ಪಟ್ಟಿ ದೊಡ್ಡದಾಗಿ ಮೊಣಕೈವರೆಗೂ ಜಾರುತ್ತದೆ. ಅಪ್ಪ ಗೇಟಿನಾಚೆ, ಬೇರೆ ಅಪ್ಪಂದಿರ ಜೊತೆ ಫುಟ್‌ಪಾತಿನ ಕಟ್ಟೆಯ ಮೇಲೆ. ಒಳಗೆ ಬಿಡುವಾಗ ಅವರು ಹೇಳಿದ್ದು ಇಷ್ಟೇ: “ಹೆದರ್‍ಕಬೇಡ ಕಣವ್ವ. ನಿಧಾನಕ್ಕೆ ಓದಿ ಬರಿ.” ನಿಧಾನಕ್ಕೆ ಓದಲು ಇಲ್ಲಿ ಸಮಯವಿಲ್ಲ ಎಂದು ಅವರಿಗೆ ಹೇಳುವ ಮನಸ್ಸು ನಿನಗಾಗಲಿಲ್ಲ. 120 ಪ್ರಶ್ನೆ, 120 ನಿಮಿಷ; ಪ್ಯಾಸೇಜು ಓದುವ ಹೊತ್ತೂ ಅದರೊಳಗೇ.

ಗಂಟೆ ಹೊಡೆಯುತ್ತದೆ. ಇಡೀ ಕೊಠಡಿಯಲ್ಲಿ ಒಟ್ಟಿಗೆ ಕಾಗದ ಹರಿಯುವ ಸದ್ದು. ನೀನೂ ಸೀಲಿನ ಅಂಚನ್ನು ಉಗುರಿನಿಂದ ಎಬ್ಬಿಸಿ ಹರಿಯುತ್ತೀಯ.

ಮೊದಲ ಎಪ್ಪತ್ತು ನಿಮಿಷವನ್ನು ಬೇಗ ದಾಟಿಬಿಡೋಣ. ಇಂಗ್ಲಿಷ್ ಮುಗಿಯಿತು, ಪ್ರಚಲಿತ ವಿದ್ಯಮಾನ ಮುಗಿಯಿತು, ಲೀಗಲ್ ರೀಸನಿಂಗ್ ನಿನ್ನನ್ನು ಸ್ವಲ್ಪ ಹಿಂಡಿ ಬಿಟ್ಟಿತು. ಗಡಿಯಾರದಲ್ಲಿ 3.10. ಅಂಗೈಯ ಬೆವರಿಗೆ ಪೆನ್ನು ಜಾರುತ್ತಿದೆ. ಚೂಡಿದಾರದ ತುದಿಗೆ ಒರೆಸಿಕೊಳ್ಳುತ್ತೀಯ. ಪುಟ ಮಗುಚಿದರೆ ದಪ್ಪ ಅಕ್ಷರದಲ್ಲಿ ಲಾಜಿಕಲ್ ರೀಸನಿಂಗ್. ಪ್ರಶ್ನೆ 85ರಿಂದ 108.

ಬಂದೆವು. (ಇಲ್ಲಿಂದ ಮುಂದಿನ ಪ್ರಶ್ನೆಗಳನ್ನು ಕಟ್ಟಿದ್ದು ನಾನು, ಅಚ್ಚು ಮಾತ್ರ ಆ ಪರೀಕ್ಷೆಯದೇ.)

ಮೊದಲ ಪ್ಯಾಸೇಜು ನಗರದ ಒಂದು ರಸ್ತೆಯ ಬಗ್ಗೆ. ಎರಡೂ ಬದಿಯ ಮರ ಕಡಿದು ರಸ್ತೆ ಅಗಲ ಮಾಡಿ ಎನ್ನುತ್ತಾರೆ ಬರೆದವರು. ಅಗಲವಾದರೆ ಜಾಗ ಹೆಚ್ಚುತ್ತದೆ, ಜಾಗ ಹೆಚ್ಚಿದರೆ ದಟ್ಟಣೆ ಇಳಿಯುತ್ತದೆ. ಇಷ್ಟನ್ನೇ ನಾನೂರು ಚಿಲ್ಲರೆ ಪದಗಳಲ್ಲಿ ಸುತ್ತಿ ಇಟ್ಟಿದ್ದಾರೆ. ನೆನೆದ ಅವರೆಕಾಳನ್ನು ಹಿತುಕುವಂತೆ ನೀನು ಒಂದೊಂದೇ ಪ್ಯಾರಾವನ್ನು ಒತ್ತಿ, ಸಿಪ್ಪೆ ಆಚೆ ಬಿಟ್ಟು, ತೀರ್ಮಾನದ ಸಾಲನ್ನು ಹೊರಗೆ ತೆಗೆಯುತ್ತೀಯ. ಸಿಕ್ಕಿತು: ‘ಆದ್ದರಿಂದ ದಟ್ಟಣೆ ಕಡಿಮೆಯಾಗುತ್ತದೆ.’ ಅಡಿಗೆರೆ.

ಪ್ರಶ್ನೆ 88. ಈ ತೀರ್ಮಾನ ಯಾವ ಅಸಂಪ್ಷನ್ ಮೇಲೆ ನಿಂತಿದೆ? ಅಂದರೆ, ಬರೆದವರು ಬಾಯಿಬಿಟ್ಟು ಹೇಳದೆ ಯಾವುದನ್ನು ನಂಬಿಕೊಂಡಿದ್ದಾರೆ?

ಎ: ದಟ್ಟಣೆ ಇಳಿಸಲು ರಸ್ತೆ ಅಗಲ ಮಾಡುವುದೊಂದೇ ದಾರಿ. ಬಿ: ಜನರಿಗೆ ಮರಕ್ಕಿಂತ ಸಮಯ ಮುಖ್ಯ. ಸಿ: ಹೆಚ್ಚಿದ ಜಾಗವನ್ನೆಲ್ಲ ತುಂಬಿಬಿಡುವಷ್ಟು ಹೊಸ ವಾಹನಗಳು ಆ ರಸ್ತೆಗೆ ಬರುವುದಿಲ್ಲ. ಡಿ: ಕಡಿದ ಮರಗಳ ಬದಲು ಬೇರೆಡೆ ಸಸಿ ನೆಡಲಾಗುತ್ತದೆ.

ನಿನ್ನ ಕಣ್ಣು ಎ ಮೇಲೆ ಹೋಗಿ ನಿಲ್ಲುತ್ತದೆ. ನಿಲ್ಲಲಿ ಎಂದೇ ಅದನ್ನು ಮೊದಲು ಇಟ್ಟಿರುವುದು. ಇದೊಂದೇ ದಾರಿ ಎಂಬ ಹಟದ ದನಿ ಇಂಥ ವಾದ ಮಾಡುವವರ ಬಾಯಲ್ಲಿ ನೀನು ಎಷ್ಟೋ ಸಲ ಕೇಳಿದ್ದೀಯ. ಆದರೆ ಕೇಳಿದ್ದು ಎಲ್ಲಿ? ಟಿವಿಯಲ್ಲಿ. ಈ ಹಾಳೆಯ ಮೇಲಲ್ಲ.

ವಾರಕ್ಕೆರಡು ರಾತ್ರಿ ಫೋನಿನಲ್ಲಿ ಪಾಠ ಹೇಳಿದ ಅಕ್ಕ ಇದಕ್ಕೊಂದು ಉಪಾಯ ಕಲಿಸಿದ್ದಾಳೆ. ಕಾನೂನು ಓದುತ್ತಿರುವ ಹುಡುಗಿ, ಐಡಿಐಎ ಎಂಬ ಸಂಸ್ಥೆಯ ಸ್ವಯಂಸೇವಕಿ. ನಿನ್ನಂಥ ಮನೆಗಳ ಮಕ್ಕಳಿಗೆ ಈ ಪರೀಕ್ಷೆಯ ತಯಾರಿ ಕೊಡಿಸಲೆಂದು, ಸ್ವತಃ ನಾಗರಭಾವಿಯ ಲಾ ಸ್ಕೂಲಿನಲ್ಲಿ ಓದಿದ್ದ ಶಮ್ನಾದ್ ಬಷೀರ್ 2010ರಲ್ಲಿ ಕಟ್ಟಿದ ಸಂಸ್ಥೆ ಅದು. ಅಕ್ಕ ಹೇಳಿದ್ದು: “ಆಪ್ಷನ್ನನ್ನ ಉಲ್ಟಾ ಮಾಡು. ಉಲ್ಟಾ ಮಾಡಿದಾಗ ವಾದ ಬಿದ್ದೋದ್ರೆ ಅದೇ ಅಸಂಪ್ಷನ್ನು. ಬೀಳಲಿಲ್ಲ ಅಂದ್ರೆ ಬಿಟ್ಟಾಕು.”

ಉಲ್ಟಾ ಮಾಡು. ಎ: ಬೇರೆ ದಾರಿಗಳೂ ಇವೆ. ಇರಲಿ, ಮೆಟ್ರೋ ಇರಲಿ, ಬಸ್ಸಿರಲಿ, ರಸ್ತೆ ಅಗಲವಾದರೂ ದಟ್ಟಣೆ ಇಳಿಯಬಹುದಲ್ಲ? ವಾದ ನಿಂತೇ ಇದೆ. ಬಿ: ಜನರಿಗೆ ಮರವೇ ಮುಖ್ಯ. ಜನ ಬೈದುಕೊಳ್ಳುತ್ತಾರೆ, ದಟ್ಟಣೆ ಇಳಿಯುತ್ತದೆ. ನಿಂತಿದೆ. ಡಿ: ಸಸಿ ನೆಡುವುದಿಲ್ಲ. ಬೇಸರದ ಸಂಗತಿ, ಆದರೂ ನಿಂತಿದೆ. ಸಿ: ಹೆಚ್ಚಿದ ಜಾಗವನ್ನೆಲ್ಲ ಹೊಸ ವಾಹನಗಳು ಬಂದು ತುಂಬುತ್ತವೆ.

ಬಿತ್ತು. ಅಡಿಪಾಯ ಸಮೇತ.

ಗೋಲ ಕಪ್ಪಾಗಿಸುತ್ತೀಯ. ಪೆನ್ನಿನ ತುದಿ ಕಾಗದದ ಮೇಲೆ ಸುತ್ತುವ ಸಣ್ಣ ಕರಕರ ಸದ್ದಿನಿಂದ ಎದೆಗೊಂದಿಷ್ಟು ಧೈರ್ಯ. 3.16.

ಎರಡನೇ ಪ್ಯಾಸೇಜು. ಮೊದಲ ಸಾಲು ಓದುತ್ತಲೇ ಕಿವಿ ಬಿಸಿಯಾಗುತ್ತದೆ.

ಮಕ್ಕಳ ಸಂಖ್ಯೆ ಕಡಿಮೆಯಿರುವ ಹಳ್ಳಿ ಶಾಲೆಗಳನ್ನು ಹತ್ತಿರದ ದೊಡ್ಡ ಶಾಲೆಗೆ ವಿಲೀನ ಮಾಡಬೇಕು ಎನ್ನುತ್ತಾರೆ ಬರೆದವರು. ಅವರ ಲೆಕ್ಕ ಹೀಗಿದೆ: ಏಳೆಂಟು ಮಕ್ಕಳಿರುವ ಶಾಲೆಯಲ್ಲಿ ಒಬ್ಬರೇ ಮೇಷ್ಟ್ರು ಒಂದರಿಂದ ಐದನೇ ತರಗತಿವರೆಗೆ ಎಲ್ಲವನ್ನೂ ಒಂದೇ ಕೋಣೆಯಲ್ಲಿ ಕಲಿಸುತ್ತಾರೆ. ವಾಹನದ ವ್ಯವಸ್ಥೆ ಮಾಡಿ ಮಕ್ಕಳನ್ನು ದೊಡ್ಡ ಶಾಲೆಗೆ ಕರೆತಂದರೆ ತರಗತಿಗೊಬ್ಬ ಶಿಕ್ಷಕರು ಸಿಗುತ್ತಾರೆ. ಆದ್ದರಿಂದ ವಿಲೀನದಿಂದ ಮಕ್ಕಳ ಕಲಿಕೆ ಸುಧಾರಿಸುತ್ತದೆ.

ಇದು ನಿನ್ನೂರಿನ ಕಥೆ. ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ‘ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ’ ಎಂದು ಬರೆದಿದ್ದ ಆ ಒಂದೇ ಕೋಣೆಯಲ್ಲಿ ನೀನು ಐದು ವರ್ಷ ಕೂತಿದ್ದೆ. ಈಗ ಅದಕ್ಕೆ ಬೀಗ. ನಾಲ್ಕನೇ ಕ್ಲಾಸಿನ ನಿನ್ನ ತಮ್ಮ ಕೆರೆ ಏರಿಯ ಮೇಲೆ ನಡೆದು ಪಕ್ಕದೂರಿಗೆ ಹೋಗುತ್ತಾನೆ. ಮಳೆ ಬಂದ ದಿನ ಹೋಗುವುದೇ ಇಲ್ಲ. ವಾಹನ ಬರುತ್ತದೆ ಅಂದಿದ್ದರು. ಬಂದಿಲ್ಲ.

ಪ್ರಶ್ನೆ 94. ಈ ಕೆಳಗಿನವುಗಳಲ್ಲಿ ಯಾವುದನ್ನು ನಿಜವೆಂದು ಒಪ್ಪಿಕೊಂಡರೆ ಲೇಖಕರ ವಾದ ಅತ್ಯಂತ ಬಲಗೊಳ್ಳುತ್ತದೆ?

ಬಲಪಡಿಸಬೇಕು! ಯಾರ ವಾದವನ್ನು? ಗಂಟಲಲ್ಲಿ ಏನೋ ಬಂದು ಕೂತಿದೆ. ಒಂದು ಗುಟುಕು ನೀರು ಕುಡಿಯುತ್ತೀಯ, ಅದು ಇಳಿಯುವ ಸದ್ದು ನಿನಗೇ ಕೇಳಿಸುತ್ತದೆ. ಹೊರಗೆ ಎಲ್ಲೋ ಅಯ್ಯಪ್ಪನ ಭಜನೆಯ ಮೈಕ್ ಶುರುವಾಗಿದೆ.

ಎ: ವಾಹನದ ವ್ಯವಸ್ಥೆಯೊಂದಿಗೆ ವಿಲೀನವಾದ ಕಡೆಗಳಲ್ಲಿ ಮಕ್ಕಳ ಹಾಜರಾತಿ ಮೊದಲಿಗಿಂತ ಕಡಿಮೆಯಾಗಿಲ್ಲ. ಬಿ: ತಮ್ಮೂರಿನ ಶಾಲೆಯ ಬಗ್ಗೆ ಹಳ್ಳಿಯವರಿಗೆ ಆಳವಾದ ಅಭಿಮಾನವಿದೆ. ಸಿ: ವಿಲೀನದಿಂದ ಸರ್ಕಾರಕ್ಕೆ ಪ್ರತಿ ವರ್ಷ ದೊಡ್ಡ ಮೊತ್ತ ಉಳಿಯುತ್ತದೆ. ಡಿ: ಏಕೋಪಾಧ್ಯಾಯ ಶಾಲೆಗಳ ಶಿಕ್ಷಕರು ಮಕ್ಕಳನ್ನು ಹೆಸರು ಹಿಡಿದು ಕರೆಯಬಲ್ಲವರಾಗಿರುತ್ತಾರೆ.

ಡಿ ಓದಿದಾಗ ನಿನ್ನ ಮೇಷ್ಟ್ರ ಮುಖ ಕಣ್ಣೆದುರು ಬರುತ್ತದೆ. ಬಿ ಓದಿದಾಗ ಗಣರಾಜ್ಯೋತ್ಸವದ ದಿನ ಊರವರೆಲ್ಲ ಬಂದು ನಿಲ್ಲುತ್ತಿದ್ದದ್ದು. ಎರಡೂ ನಿಜ, ಎರಡೂ ನಿನ್ನವು, ಎರಡೂ ಇಲ್ಲಿ ತಪ್ಪು ಉತ್ತರ.

ಎ ಮೇಲೆ ನಿನಗೆ ಸಿಟ್ಟು ಬರುತ್ತದೆ. ಇದು ಸುಳ್ಳು ಎಂದು ಅಂಚಿನಲ್ಲಿ ಬರೆಯಬೇಕೆನಿಸುತ್ತದೆ. ತಮ್ಮನ ಹಾಜರಾತಿ ಬಿದ್ದಿದೆ, ನಿನಗೆ ಗೊತ್ತು. ಹಾಗಾದರೆ ಸಿ? ಹಣ ಉಳಿಸಲಿಕ್ಕೇ ಇವರು ಇದನ್ನೆಲ್ಲ ಮಾಡುವುದು ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ಪೆನ್ನು ಸಿ ಕಡೆ ವಾಲುತ್ತದೆ. ಗೋಲದ ಮೇಲೆ ನೆರಳು ಬೀಳುವಷ್ಟು ಹತ್ತಿರ.

ನಿಲ್ಲು.

ಅಕ್ಕ ಪ್ರತಿ ಪಾಠದ ಕೊನೆಗೆ ಹೇಳುತ್ತಿದ್ದ ಮಾತು: “ನಿಂಗೆ ಗೊತ್ತಿರೋದನ್ನೆಲ್ಲ ಗೇಟ್ ಹೊರಗೆ ಬಿಟ್ಟು ಬಾ. ಒಳಗೆ ಹಾಳೆ ಮೇಲೆ ಏನಿದೆಯೋ ಅಷ್ಟೇ.” ಆಗ ಅದೊಂದು ಪರೀಕ್ಷೆಯ ಕಿವಿಮಾತಿನಂತೆ ಕೇಳಿತ್ತು. ಈಗ ಎಷ್ಟು ಕಷ್ಟವೆಂದು ಗೊತ್ತಾಗುತ್ತಿದೆ. ಗೇಟಿನ ಹೊರಗೆ ಬಿಡಬೇಕಾದದ್ದು ತಮ್ಮನನ್ನು.

ಬಿಡುತ್ತೀಯ. ಒಂದು ನಿಮಿಷದ ಮಟ್ಟಿಗೆ.

ಹಾಳೆಯ ಮೇಲಿನ ತೀರ್ಮಾನ ಏನು? ಹಣ ಉಳಿಯುತ್ತದೆ ಎಂದಲ್ಲ; ಕಲಿಕೆ ಸುಧಾರಿಸುತ್ತದೆ ಎಂದು. ಸಿ ನಿಜವೇ ಆದರೂ ಕಲಿಕೆಯ ಬಗ್ಗೆ ಒಂದು ಮಾತೂ ಹೇಳುವುದಿಲ್ಲ. ಅದು ವಿಲೀನಕ್ಕೆ ಬೇರೊಂದು ಕಾರಣ ಕೊಡುತ್ತದೆಯೇ ಹೊರತು ಈ ವಾದಕ್ಕೆ ಕಂಬ ಕೊಡುವುದಿಲ್ಲ. ಈ ವಾದದಲ್ಲಿ ಬಿರುಕು ಎಲ್ಲಿದೆ? ತರಗತಿಗೊಬ್ಬ ಶಿಕ್ಷಕರಿದ್ದರೂ ಮಕ್ಕಳು ಅಲ್ಲಿಗೆ ತಲುಪದಿದ್ದರೆ ಏನು ಬಂತು? ಆ ಬಿರುಕನ್ನು ಮುಚ್ಚುವುದು ಎ ಒಂದೇ. ಪ್ರಶ್ನೆ ‘ಎ ನಿಜವೇ?’ ಎಂದು ಕೇಳುತ್ತಿಲ್ಲ. ನಿಜವೆಂದು ಒಪ್ಪಿಕೊಂಡರೆ, ಅನ್ನುತ್ತಿದೆ. ಒಪ್ಪಿಕೋ. ಎದುರಾಳಿಯ ಕೈಗೆ ಅವನಿಗಿರುವ ಅತ್ಯುತ್ತಮ ಆಯುಧವನ್ನು ನೀನೇ ಎತ್ತಿ ಕೊಡು.

ಎ. ಗೋಲ ತುಂಬುವಾಗ ಬೇಕಾದ್ದಕ್ಕಿಂತ ಹೆಚ್ಚು ಒತ್ತುತ್ತೀಯ. ಹಾಳೆಯ ಹಿಂಬದಿಯಲ್ಲಿ ಉಬ್ಬು ಮೂಡುತ್ತದೆ. 3.25. ಒಂಬತ್ತು ನಿಮಿಷ ಹೋಯಿತು. ಮೂರು ನಿಮಿಷ ಜಾಸ್ತಿ.

“ಥರ್ಟಿ ಫೈವ್ ಮಿನಿಟ್ಸ್,” ಮೇಲ್ವಿಚಾರಕಿಯ ದನಿ. ಅವರ ಚಪ್ಪಲಿ ನಿನ್ನ ಡೆಸ್ಕಿನ ಪಕ್ಕ ಬಂದು ನಿಲ್ಲುತ್ತದೆ. ನಿನ್ನ ಹಾಳೆಯನ್ನೇ ನೋಡುತ್ತಿದ್ದಾರೆಯೇ? ತಲೆಯೆತ್ತಬೇಡ. ಚಪ್ಪಲಿ ಮುಂದೆ ಹೋಗುತ್ತದೆ.

ಈ ಪರೀಕ್ಷೆ 2008ರಲ್ಲಿ ಶುರುವಾಯಿತು. ಅದಕ್ಕೂ ಮೊದಲು ಒಂದೊಂದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಕ್ಕೂ ಒಂದೊಂದು ಪ್ರವೇಶ ಪರೀಕ್ಷೆ, ಒಂದೊಂದು ಫೀಜು, ಒಂದೊಂದು ಊರಿನ ಪ್ರಯಾಣ. ಆ ಅಲೆದಾಟದ ವಿರುದ್ಧ ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಬಿದ್ದ ಮೇಲೆ ಏಳು ವಿಶ್ವವಿದ್ಯಾಲಯಗಳು ಸೇರಿ ಕ್ಲಾಟ್ ಮಾಡಿದವು. ಈಗ ಅರ್ಧ ಲಕ್ಷಕ್ಕೂ ಮಿಕ್ಕಿ ಮಕ್ಕಳು ದೇಶದ ತುಂಬ ಇದೇ ಗಳಿಗೆಯಲ್ಲಿ ಇದೇ ಪುಸ್ತಿಕೆಯ ಮೇಲೆ ಬಾಗಿದ್ದಾರೆ. ಅರ್ಜಿ ಶುಲ್ಕವೇ ಸಾಮಾನ್ಯ ವರ್ಗಕ್ಕೆ 4000 ರೂಪಾಯಿ, ಪರಿಶಿಷ್ಟರಿಗೆ, ಬಡತನ ರೇಖೆಗಿಂತ ಕೆಳಗಿನವರಿಗೆ 3500. ನಿನಗಾಗಿ ಅಪ್ಪ ಕಟ್ಟಿದ ಆ ಮೊತ್ತ ರಾಗಿ ಮಾರಿದ ದುಡ್ಡಿನದು. ಬೆಳಗ್ಗೆ ನೀನು ಬಂದ ಬಸ್ಸು ಮಾಗಡಿ ರಸ್ತೆಯಲ್ಲೇ ಬಂತು. ಅಲ್ಲಿಂದ ನಾಗರಭಾವಿ ದೂರವೇನಲ್ಲ. ಕರ್ನಾಟಕದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆ ಅಲ್ಲಿನ ಲಾ ಸ್ಕೂಲಿನಲ್ಲಿ ಶೇ. 25ರಷ್ಟು ಸೀಟು ಇದೆ ಎಂದು ಅಕ್ಕ ಹೇಳಿದಾಗ ಅಪ್ಪ ಎರಡು ಸಲ ಕೇಳಿ ಖಚಿತ ಮಾಡಿಕೊಂಡಿದ್ದರು.

ಮೂರನೇ ಪ್ಯಾಸೇಜು. ಓಡು.

ಹಾಸ್ಟೆಲಿನ ನಿಯಮಗಳು. ಜುಲೈ ಒಳಗೆ ಅರ್ಜಿ ಹಾಕಿದ್ದರೆ ಮಾತ್ರ ಕೋಣೆ. ಶುಲ್ಕ ಕಟ್ಟದ ಯಾರಿಗೂ ಕೋಣೆಯಿಲ್ಲ. ಜುಲೈ ಒಳಗೆ ಅರ್ಜಿ ಹಾಕಿದವರಲ್ಲಿ ಕೆಲವರು ಶುಲ್ಕ ಕಟ್ಟಿಲ್ಲ. ಪ್ರಶ್ನೆ 99: ಇಷ್ಟು ನಿಜವಾದರೆ ಯಾವುದು ನಿಜವಾಗಿರಲೇಬೇಕು?

ಎ: ಜುಲೈ ಒಳಗೆ ಅರ್ಜಿ ಹಾಕಿ ಶುಲ್ಕವನ್ನೂ ಕಟ್ಟಿದವರಿಗೆಲ್ಲ ಕೋಣೆ ಸಿಕ್ಕಿದೆ. ಹೌದಲ್ಲ? ಎರಡೂ ಷರತ್ತು ಪೂರೈಸಿದ್ದಾರಲ್ಲ? ಅಲ್ಲ. ಬಾಗಿಲು ದಾಟಲು ಟಿಕೆಟ್ ಬೇಕು ಎಂದರೆ ಟಿಕೆಟ್ ಇದ್ದವರಿಗೆಲ್ಲ ಸೀಟು ಇದೆ ಎಂದಾಗುವುದಿಲ್ಲ. ಬೇಕೇಬೇಕು ಎನ್ನುವುದು ಬೇರೆ, ಅಷ್ಟಿದ್ದರೆ ಸಾಕು ಎನ್ನುವುದು ಬೇರೆ. ಹೊಡೆದು ಹಾಕು. ಸಿ: ಶುಲ್ಕ ಕಟ್ಟಿದವರಲ್ಲಿ ಕೆಲವರಿಗೆ ಕೋಣೆ ಸಿಕ್ಕಿಲ್ಲ. ಇರಬಹುದು, ಇಲ್ಲದಿರಬಹುದು. ಹೊಡೆದು ಹಾಕು. ಡಿ: ಕೋಣೆ ಸಿಕ್ಕವರೆಲ್ಲ ಜುಲೈ ಒಳಗೆ ಶುಲ್ಕ ಕಟ್ಟಿದ್ದಾರೆ.

ಡಿ! ಕೋಣೆ ಸಿಕ್ಕವರು ಅರ್ಜಿ ಹಾಕಿರಲೇಬೇಕು, ಶುಲ್ಕ ಕಟ್ಟಿರಲೇಬೇಕು. ಸರಿಯಾಗೇ ಇದೆ. ಪೆನ್ನು ಇಳಿಯುತ್ತದೆ. ಇಳಿಯುತ್ತಿರುವಾಗಲೇ ಬೆನ್ನಹುರಿಯಲ್ಲಿ ಏನೋ ತಣ್ಣಗೆ ಹರಿಯುತ್ತದೆ: ಜುಲೈ ಒಳಗೆ ಎನ್ನುವುದು ಯಾವುದಕ್ಕೆ? ಅರ್ಜಿಗೆ. ಶುಲ್ಕ ಯಾವಾಗ ಕಟ್ಟಬೇಕೆಂದು ಎಲ್ಲೂ ಇಲ್ಲ. ಒಂದು ವಾಕ್ಯದ ತಾರೀಖನ್ನು ಕದ್ದು ಇನ್ನೊಂದಕ್ಕೆ ಜೋಡಿಸಿಟ್ಟಿದ್ದಾರೆ. ಕೈ ಹಿಂದಕ್ಕೆ. ಬಿ ಓದು. ಬಿ: ಜುಲೈ ಒಳಗೆ ಅರ್ಜಿ ಹಾಕಿದ ಕೆಲವರಿಗೆ ಕೋಣೆ ಸಿಕ್ಕಿಲ್ಲ. ಅರ್ಜಿ ಹಾಕಿದ ಕೆಲವರು ಶುಲ್ಕ ಕಟ್ಟಿಲ್ಲ, ಕಟ್ಟದವರಿಗೆ ಕೋಣೆಯಿಲ್ಲ. ಮುಗಿಯಿತು. ಬಿ. ಎಷ್ಟು ಸಪ್ಪೆ ಉತ್ತರ! ನಿಜವಾಗಿರಲೇಬೇಕಾದ ಮಾತು ಸಾಮಾನ್ಯವಾಗಿ ಹೀಗೇ ಸಪ್ಪೆಯಾಗಿರುತ್ತದೆ.

3.31.

ನಾಲ್ಕನೇ ಪ್ಯಾಸೇಜು ಹೆಲ್ಮೆಟ್ ಬಗ್ಗೆ. ಐದು ಪ್ರಶ್ನೆ ಸರಾಗ. 105 ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಒಂದು ನಗರದಲ್ಲಿ ಹೆಲ್ಮೆಟ್ ಕಡ್ಡಾಯವಾದ ಮೇಲೆ ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರುವ ಸವಾರರ ಸಂಖ್ಯೆ ಏರಿತು. ಈ ವಿಚಿತ್ರವನ್ನು ಯಾವುದು ಅತ್ಯುತ್ತಮವಾಗಿ ವಿವರಿಸುತ್ತದೆ? ಎ, ಸಿ ಮೊದಲ ನೋಟಕ್ಕೇ ಬಿದ್ದವು. ಉಳಿದದ್ದು ಬಿ, ಡಿ. ಎರಡೂ ಸರಿ ಎನಿಸುತ್ತಿವೆ. ನಲವತ್ತು ಸೆಕೆಂಡು. ಐವತ್ತು. ಬಿಡು. ಪ್ರಶ್ನೆಯ ಸುತ್ತ ವೃತ್ತ ಹಾಕಿ ಮುಂದೆ ಹೋಗು. ಓಎಂಆರ್‌ನಲ್ಲಿ ಆ ಸಾಲನ್ನು ಖಾಲಿ ಬಿಟ್ಟೆಯಾ? ಬೆರಳಿಟ್ಟು ನೋಡುತ್ತೀಯ. ಬಿಟ್ಟಿದ್ದೀಯ. 106ರ ಗೋಲ 106ರಲ್ಲೇ ಇದೆ.

ಗಣಿತದ ಹನ್ನೆರಡು. ಶೇಕಡಾ, ಅನುಪಾತ, ಒಂದು ಕೋಷ್ಟಕ. ತುಟಿ ಒಣಗಿದೆ, ನೀರಿಗೆ ಕೈಚಾಚಲು ಪುರುಸೊತ್ತಿಲ್ಲ. ಪಕ್ಕದ ಸಾಲಿನವನು ಆಗಲೇ ಪುಸ್ತಿಕೆ ಮುಚ್ಚಿ ಪೆನ್ನನ್ನು ಬೆರಳ ಮೇಲೆ ತಿರುಗಿಸುತ್ತಿದ್ದಾನೆ. ಅವನನ್ನು ನೋಡಬೇಡ.

“ಲಾಸ್ಟ್ ಫೈವ್ ಮಿನಿಟ್ಸ್.”

ವೃತ್ತ ಹಾಕಿದ್ದು ಅದೊಂದೇ. ವಾಪಸ್ 105.

ಬಿ: ಹೆಲ್ಮೆಟ್ ಹಾಕಿದ ಧೈರ್ಯಕ್ಕೆ ಸವಾರರು ಹೆಚ್ಚು ವೇಗವಾಗಿ ಓಡಿಸಿ ಹೆಚ್ಚು ಅಪಘಾತ ಮಾಡಿಕೊಂಡರು. ಡಿ: ಮೊದಲಾದರೆ ಸ್ಥಳದಲ್ಲೇ ಸಾಯುತ್ತಿದ್ದ ಹಲವರು ಈಗ ಬದುಕುಳಿದು ಆಸ್ಪತ್ರೆ ಸೇರುತ್ತಿದ್ದಾರೆ.

ಬಿ ಎಂದು ಮನಸ್ಸು ಕೂಗುತ್ತಿದೆ. ಸೋದರಮಾವನ ಮಗನನ್ನು ನೀನು ನೋಡಿಲ್ಲವೇ? ಹೆಲ್ಮೆಟ್ ಏರಿದರೆ ಸಾಕು, ತಾವರೆಕೆರೆ ದಾಟುವವರೆಗೆ ಬ್ರೇಕ್ ಮುಟ್ಟುವುದಿಲ್ಲ. ಬಿ ನಿಜ ಜೀವನ. ಡಿ ಯಾರೋ ಮೇಜಿನ ಮುಂದೆ ಕೂತು ಕಟ್ಟಿದ ಜಾಣ ಮಾತು.

ಹಾಕಲೇ? ಬಿಡಲೇ? ಸರಿಯಾದರೆ ಒಂದು, ತಪ್ಪಾದರೆ ಕಾಲು ಕಡಿತ, ಬಿಟ್ಟರೆ ಸೊನ್ನೆ. ನೆಗೆಟಿವ್ ಮಾರ್ಕಿನ ಹೆಸರು ಹೇಳಿಯೇ ಎಲ್ಲರೂ ಹೆದರಿಸಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಅಷ್ಟು ಹೆದರಬೇಕಿಲ್ಲ. ನಾಲ್ಕರಲ್ಲಿ ಒಂದನ್ನು ಕಣ್ಣುಮುಚ್ಚಿ ಒತ್ತಿದರೂ ಸರಾಸರಿ ಅಂಕದ ಹದಿನಾರನೇ ಒಂದು ಪಾಲು ಲಾಭವೇ. ಎರಡಕ್ಕೆ ಇಳಿಸಿಕೊಂಡು ಒತ್ತಿದರೆ ಎಂಟರಲ್ಲಿ ಮೂರು ಪಾಲು. ಆದರೆ ಸರಾಸರಿ ಎನ್ನುವುದು ನೂರಾರು ಸಲ ಆಡುವವರ ಮಾತು. ನಿನಗಿರುವುದು ಈ ಒಂದು ಗೋಲ, ಮತ್ತು ಕಾಲು ಅಂಕದ ಅಂತರದಲ್ಲಿ ನಿಂತಿರುವ ನೂರಾರು ಹೆಸರುಗಳು. ಒತ್ತುವುದಂತೂ ಒತ್ತಬೇಕು. ಊಹೆಯ ಮೇಲೆ ಒತ್ತುವುದೋ, ಮೂರು ನಿಮಿಷವನ್ನೂ ಖರ್ಚು ಮಾಡಿ ಕಾರಣ ಹುಡುಕಿ ಒತ್ತುವುದೋ?

3.57. ಪ್ಯಾಸೇಜಿಗೆ ಹೋಗು. ಆಪ್ಷನ್ ಮತ್ತೆ ಮತ್ತೆ ಓದುವುದರಿಂದ ಏನೂ ಹುಟ್ಟುವುದಿಲ್ಲ.

ಕಣ್ಣು ಸಾಲುಗಳ ಮೇಲೆ ಓಡುತ್ತದೆ. ಅಕ್ಷರಗಳು ಸ್ವಲ್ಪ ಕದಲುತ್ತಿವೆ. ಕಡ್ಡಾಯವಾಯಿತು, ಪೊಲೀಸರು ದಂಡ ಹಾಕಿದರು, ಆಸ್ಪತ್ರೆಗಳ ದಾಖಲೆ ಏರಿತು. ಎರಡನೇ ಪ್ಯಾರಾ. ಅಲ್ಲಿ, ಎರಡು ಅಲ್ಪವಿರಾಮಗಳ ನಡುವೆ, ಬೇರೆ ಮಾತಿನ ಬೆನ್ನಿಗೆ ಅಂಟಿಸಿದ ಒಂದು ತುಂಡು: ಅಪಘಾತಗಳ ಒಟ್ಟು ಸಂಖ್ಯೆ ಹೆಚ್ಚುಕಡಿಮೆ ಮೊದಲಿನಷ್ಟೇ ಇದ್ದು, ರಸ್ತೆಯಲ್ಲಿ ಸಾಯುವವರ ಸಂಖ್ಯೆ ಇಳಿದಿದ್ದರೂ.

ಮೊದಲಿನಷ್ಟೇ. ಬಿ ಹೆಚ್ಚು ಅಪಘಾತ ಎನ್ನುತ್ತದೆ. ಹಾಳೆ ಇಲ್ಲ ಎನ್ನುತ್ತದೆ. ಸಾವು ಇಳಿದದ್ದಕ್ಕೆ ಬಿ ಬಳಿ ಉತ್ತರವೇ ಇಲ್ಲ. ಡಿ ಎರಡನ್ನೂ ಹೊರುತ್ತದೆ: ಅಷ್ಟೇ ಅಪಘಾತ, ಕಡಿಮೆ ಹೆಣ, ಹೆಚ್ಚು ಗಾಯಾಳು. ಸೋದರಮಾವನ ಮಗ ಬೇಕಾದಷ್ಟು ಜೋರಾಗಿ ಓಡಿಸಲಿ. ಅವನು ಈ ಪ್ಯಾಸೇಜಿನಲ್ಲಿಲ್ಲ.

ಡಿ. ಸುತ್ತು. ಇನ್ನೊಂದು ಸುತ್ತು. ಅಂಚು ಮುಟ್ಟುವಂತೆ. ಗೋಲ ತುಂಬಿತು, ಗಂಟೆ ಹೊಡೆಯಿತು.

“ಪೆನ್ ಡೌನ್. ಎಲ್ಲರೂ ಪೆನ್ ಕೆಳಗಿಡಿ.”

ಮೆಟ್ಟಿಲಿಳಿಯುವಾಗ ಮೊಣಕಾಲು ನಿನ್ನದಲ್ಲವೇನೋ ಎಂಬಂತೆ ನಡುಗುತ್ತದೆ. ಅಂಗಳದಲ್ಲಿ ಆಗಲೇ ಗುಂಪುಗಟ್ಟಿದ್ದಾರೆ. ಪೆನ್ನು ತಿರುಗಿಸುತ್ತಿದ್ದವನು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದಾನೆ: “ಹೆಲ್ಮೆಟ್‌ದು ಬಿ ಕಣ್ರೋ. ಕಾಮನ್ ಸೆನ್ಸ್.” ಸುತ್ತಲಿನವರ ಮುಖ ಕಪ್ಪಿಡುತ್ತದೆ. ಇನ್ನೊಬ್ಬಳು ಹೇಳುತ್ತಾಳೆ: “ಕೀ ಆನ್ಸರ್ ಬರಲಿ, ಆಮೇಲೆ ನೋಡೋಣ.” ಕೀ ಆನ್ಸರೂ ವೇದವಾಕ್ಯವಲ್ಲ. 2024ರ ಡಿಸೆಂಬರ್ 1ರಂದು ನಡೆದ ಪರೀಕ್ಷೆಯ ಕೀ ಉತ್ತರಗಳನ್ನು ಅಭ್ಯರ್ಥಿಯೊಬ್ಬರು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಅದೇ ತಿಂಗಳ 20ರಂದು ಏಕಸದಸ್ಯ ಪೀಠ ಎರಡು ಪ್ರಶ್ನೆಗಳ ಉತ್ತರ ತಪ್ಪೆಂದು ಹೇಳಿತು. ವ್ಯಾಜ್ಯ ಮುಂದಿನ ಬೇಸಿಗೆಯಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಪ್ರಶ್ನೆ ತೆಗೆಯುವವರೂ ಕೊನೆಗೆ ಹಾಳೆಯ ಮೇಲೆ ಬೆರಳಿಟ್ಟು ತೋರಿಸಲೇಬೇಕು.

ಇಂಥ ಗುಂಪಿನಲ್ಲಿ ನೀನು ಬಾಯಿ ತೆರೆಯುವವಳಲ್ಲ. ಅವರ ಇಂಗ್ಲಿಷು, ಅವರ ಬೂಟು. ಆದರೂ ಕೇಳಿಬಿಡುತ್ತೀಯ: “ಆಕ್ಸಿಡೆಂಟ್ ಸಂಖ್ಯೆ ಮೊದಲಿನಷ್ಟೇ ಇದೆ ಅಂತ ಎರಡನೇ ಪ್ಯಾರಾದಲ್ಲಿದೆ. ಬಿ ತಗೊಂಡ್ರೆ ಆ ಸಾಲನ್ನ ಏನ್ ಮಾಡ್ತೀಯ?” ಅವನು ಬಾಯಿ ತೆರೆದು ಮುಚ್ಚುತ್ತಾನೆ.

ಗೇಟಿನಾಚೆ ಅಪ್ಪ ಎದ್ದು ನಿಂತಿದ್ದಾರೆ. ಕಾಗದದ ಪೊಟ್ಟಣದಲ್ಲಿ ಕಡಲೆಕಾಯಿ. “ಹೆಂಗಾಯ್ತವ್ವ?”

“ಆಯ್ತಪ್ಪ.” ಎರಡು ಕಾಯಿ ಬಿಡಿಸಿ ಬಾಯಿಗೆ ಹಾಕಿಕೊಂಡ ಮೇಲೆ ಕೇಳುತ್ತೀಯ: “ನಮ್ಮೂರ್ ಸ್ಕೂಲಿಂದು ಅರ್ಜಿ ಬರ್ದಿದ್ರಲ್ಲ, ಕೊಟ್ರಾ?”

“ನಾಳೆ ಕೊಡಾದು. ಯಾಕೆ?”

“ಅದ್ರಲ್ಲಿ ಏನ್ ಬರ್ದಿದ್ದೀರ?”

“ಇನ್ನೇನ್ ಬರೀತಾರೆ? ಊರಿನ ಸ್ಕೂಲು, ನಮ್ ತಾತನ ಕಾಲದ್ದು, ಮತ್ತೆ ಶುರು ಮಾಡಿ, ಜನಕ್ಕೆ ಬೇಜಾರಾಗೈತೆ ಅಂತ.”

ಅದು 94ನೇ ಪ್ರಶ್ನೆಯ ಬಿ. ಊರಿಗೆ ಊರೇ ಸಹಿ ಹಾಕಿದ ಬಿ. ಓದಿದ ಸಾಹೇಬರು ಅಯ್ಯೋ ಪಾಪ ಎಂದು ಪಕ್ಕಕ್ಕಿಡುತ್ತಾರೆ, ಅವರ ವಾದ ಒಂದಿಂಚೂ ಅಲುಗುವುದಿಲ್ಲ. ಅವರ ವಾದ ಎಲ್ಲಿ ನಿಂತಿದೆಯೆಂದು ನಿನಗೀಗ ಗೊತ್ತು. ಅದಕ್ಕೆ ಕಂಬ ಕೊಟ್ಟವಳೇ ನೀನು. ಆ ಕಂಬ ವಾಹನ ಮತ್ತು ಹಾಜರಾತಿ. ಹಾಳೆಯ ಮೇಲೆ ಅದನ್ನು ಒಪ್ಪಿಕೊಂಡೆ. ಗೇಟು ದಾಟಿ ಬಂದಾಯಿತು, ಇನ್ನು ಒಪ್ಪಿಕೊಳ್ಳಬೇಕಾಗಿಲ್ಲ.

“ಅದನ್ನ ತೆಗೆಸಪ್ಪ,” ಅನ್ನುತ್ತೀಯ. “ಗಾಡಿ ಕಳಿಸ್ತೀವಿ ಅಂದಿದ್ರಲ್ಲ, ಯಾವತ್ತು ಅಂದ್ರು ಅಂತ ತಾರೀಖು ಹಾಕಿ ಬರೀರಿ. ತಮ್ಮಂದು, ಮಿಕ್ಕ ಹುಡುಗ್ರುದು ಅಟೆಂಡೆನ್ಸ್ ಆ ಸ್ಕೂಲಿಂದ ಬರೆಸ್ಕೊಂಡು ಜೊತೆಗಿಡಿ. ಗಾಡಿ ಬರ್ಲಿಲ್ಲ, ಹುಡುಗ್ರು ಹೋಗ್ತಿಲ್ಲ. ಅಷ್ಟೇ ಸಾಕು.”

ಅಪ್ಪ ಕಡಲೆಕಾಯಿ ಸಿಪ್ಪೆಯನ್ನು ಕೈಯಲ್ಲೇ ಹಿಡಿದು ನಿನ್ನ ಮುಖ ನೋಡುತ್ತಾರೆ. “ಬೇಜಾರಾಗೈತೆ ಅನ್ನೋದು ಬ್ಯಾಡ್ವಾ?”

“ಕೊನೇಲಿ ಒಂದ್ ಸಾಲು ಇರ್ಲಿ. ಬಸ್ಸಲ್ಲಿ ಕೂತ್ಕೊಂಡು ನಾನೇ ಬರ್ದು ಕೊಡ್ತೀನಿ. ಪೆನ್ನು ಇನ್ನೂ ಒಂದು ಹಾಗೇ ಇದೆ.”